ಮೋತ್ಯಾನ ಮಡಿ ಅಂಗಿ

ನಾನು ಹೆಣಿಕೆಯ ಕಡ್ಡಿಗಳನ್ನು ಕೈಗೆತ್ತಿಕೊಂಡರೆ ಸಾಕು, ನಮ್ಮ ಮನೆಯವರು ಓದುತ್ತಿದ್ದ ಪತ್ರಿಕೆಯನ್ನು ಇಳಿಸದೆಯೇ ಕೇಳುತ್ತಾರೆ: "ಕಾಲು ಎರಡೋ, ನಾಕೋ?" ಮದುವೆಯಾದ ವರ್ಷದಿಂದ ಇದೇ ಪ್ರಶ್ನೆ. ಮಗನಿಗೆ ಕುಲಾವಿ ಹೆಣೆಯುವಾಗ ಕೇಳಿದ್ದಾರೆ. ನಾದಿನಿಗೆ ಶಾಲು ಹೆಣೆಯುವಾಗ ಅವಳೆದುರಿಗೇ ಕೇಳಿದ್ದಾರೆ. ನಾದಿನಿ ಆ ಶಾಲನ್ನು ಇನ್ನೂ ಹೊದ್ದಿಲ್ಲ. ತಪ್ಪು ಅವರದಲ್ಲ, ನಮ್ಮ ಅವ್ವನದು. ಅಳಿಯ ಮೊದಲ ದೀಪಾವಳಿಗೆ ಬಂದಾಗ ಹೋಳಿಗೆಯ ಜೊತೆಗೆ ನನ್ನ ಬಾಲ್ಯದ ಮಾನವನ್ನೂ ಎಲೆಗೆ ಬಡಿಸಿದವಳು ಅವಳೇ. ಅಳಿಯನಿಗೆ ಹೇಳಬಾರದ ಕಥೆಯನ್ನೇ ಹುಡುಕಿ ಹೇಳುವುದರಲ್ಲಿ ಅವ್ವನದು ಎತ್ತಿದ ಕೈ. ಇಷ್ಟು ಜನ ಕೇಳಿ ನಕ್ಕಾಗಿದೆ. ನೀವೊಬ್ಬರು ನಕ್ಕರೆ ನನ್ನ ಗಂಟೇನೂ ಹೋಗುವುದಿಲ್ಲ, ಕೇಳಿಬಿಡಿ.

ಅರವತ್ತರ ಆಸುಪಾಸಿನ ಮಾತು. ನನಗಾಗ ಹನ್ನೊಂದು ವರ್ಷ. ಅಪ್ಪ ಹುಬ್ಬಳ್ಳಿಯಲ್ಲಿ ಸಾಲಿ ಮಾಸ್ತರರಾಗಿದ್ದರು. ಅವರಿಗೆ ಧಾರವಾಡಕ್ಕೆ ವರ್ಗವಾಯಿತು. ಎರಡೂ ಊರುಗಳ ನಡುವೆ ಒಂದು ತಾಸಿನ ದಾರಿ. ಆದರೂ ಅವ್ವ ಓಣಿಯ ಪ್ರತಿ ಮನೆಗೂ ಹೋಗಿ, ಕಣ್ಣೊರೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಬಂದಳು. ಅವಳ ಭಯ ದೂರದ್ದಲ್ಲ, ಧಾರವಾಡದ್ದು. "ಅಲ್ಲಿ ಮಂದಿ ಭಾಳ ಶಾಣ್ಯಾರಂತ. ಕಾಯಿಪಲ್ಯಾ ಮಾರಾಕಿ ಸುದ್ದಾ ತೂಗಿ ಮಾತಾಡ್ತಾಳಂತ. ನಾ ಬಾಯಿ ತಗದ್ರ ಹುಬ್ಬಳ್ಳ್ಯಾಕಿ ಅಂತ ಗೊತ್ತಾಗತೈತಿ" ಎಂದು ಅವಳ ಚಿಂತೆ. "ಹಂಗಾರ ಬಾಯಿ ತಗೀಬ್ಯಾಡ" ಎಂದು ಅಪ್ಪ ಉಪಾಯ ಹೇಳಿದರು. ಆ ಉಪಾಯ ಒಂದು ದಿನವೂ ಜಾರಿಗೆ ಬರಲಿಲ್ಲ.

ಆಷಾಢ ಹಿಡಿಯುವುದರೊಳಗೆ ಹೊಸ ಮನೆ ಹೊಗಬೇಕೆಂದು ಎಲ್ಲವೂ ಅವಸರದಲ್ಲಿ ನಡೆಯಿತು. ಲಾರಿಯ ಹಿಂದೆ ಪಾತ್ರೆ ಪಡಗ, ಟ್ರಂಕು, ಬೀಸುಕಲ್ಲು. ಮುಂದೆ ಡ್ರೈವರನ ಪಕ್ಕದಲ್ಲಿ ನಾವು ಮೂವರು, ನಮ್ಮ ಕಾಲ ಬಳಿ ಮೋತ್ಯಾ. ಮೋತ್ಯಾ ಗಿಡ್ಡ ಕಾಲಿನ ಕಂದು ನಾಯಿ. ಅದರ ಜಾತಿ ಯಾವುದೆಂದು ಯಾರಾದರೂ ಕೇಳಿದರೆ ಅಪ್ಪ ಗಂಭೀರವಾಗಿ "ಹುಬ್ಬಳ್ಳಿ" ಎನ್ನುತ್ತಿದ್ದರು. ನನ್ನ ತೊಡೆಯ ಮೇಲೆ ಮುಚ್ಚಳದ ಬುಟ್ಟಿ, ಅದರೊಳಗೆ ದಾರಿಯುದ್ದಕ್ಕೂ ಅರಚುವ ಚಿಂಗಿ ಎಂಬ ಬೆಕ್ಕು. ಅವ್ವನ ತೊಡೆಯ ಮೇಲೆ ಅವಳ ಉಣ್ಣೆಯ ಚೀಲ. ಬಂಗಾರದ ಡಬ್ಬಿಯನ್ನಾದರೂ ಟ್ರಂಕಿನಲ್ಲಿಟ್ಟಾಳು, ಆ ಚೀಲವನ್ನು ಅವಳು ಕೈಬಿಡುತ್ತಿರಲಿಲ್ಲ. ಅದರಲ್ಲಿ ಮುಗಿದ ವಸ್ತು ಒಂದೂ ಇರಲಿಲ್ಲ. ಒಂದು ಕುಲಾವಿ ಅರ್ಧಕ್ಕೆ ನಿಂತಿತ್ತು. ಯಾವ ಕೂಸಿಗೆಂದು ಅದನ್ನು ಶುರು ಮಾಡಿದ್ದಳೋ ಆ ಕೂಸು ನಾನೇ. ಅಪ್ಪನ ಗಿಳಿಹಸಿರು ಸ್ವೆಟರು ಒಂದು ತೋಳಿನವರೆಗೆ ಬಂದು ವರ್ಷಗಳಾಗಿದ್ದವು. ಪ್ರತಿ ಚಳಿಗಾಲದಲ್ಲೂ ಅವ್ವ "ಈ ಸಲ ಮುಗಸೇ ಬಿಡ್ತೇನಿ" ಎನ್ನುತ್ತಿದ್ದಳು, ಪ್ರತಿ ಚಳಿಗಾಲದಲ್ಲೂ ಅಪ್ಪ ಕೋಟು ಹಾಕಿಕೊಳ್ಳುತ್ತಿದ್ದರು.

ಬೆಕ್ಕು ಮತ್ತು ಉಣ್ಣೆ ಎಂದ ಕೂಡಲೆ ನೀವು ಕ್ಯಾಲೆಂಡರಿನ ಚಿತ್ರ ನೆನೆಸಿಕೊಂಡಿದ್ದರೆ ಬಿಟ್ಟುಬಿಡಿ. ನಮ್ಮ ಚಿಂಗಿ ಒಮ್ಮೆಯೂ ಉಣ್ಣೆಯ ಉಂಡೆಯ ಜೊತೆ ಆಡಲಿಲ್ಲ. ಅದಕ್ಕೆ ಉಣ್ಣೆ ಕಂಡರೆ ಸೀನು ಬರುತ್ತಿತ್ತು. ಅದರ ಬಗ್ಗೆ ನಮಗಿದ್ದ ಆತಂಕ ಬೇರೆ: ಬೆಕ್ಕು ಮನೆ ಬದಲಿಸಿದರೆ ದಾರಿ ಹಿಡಿದು ಹಳೆಯ ಮನೆಗೇ ಹೋಗುತ್ತದಂತೆ. ದಿಕ್ಕು ತಪ್ಪಿಸಲು ಹೊಸ ಹೊಸ್ತಿಲ ಮುಂದೆ ಬುಟ್ಟಿಯನ್ನು ಮೂರು ಸುತ್ತು ತಿರುಗಿಸಬೇಕೆಂದು ಹುಬ್ಬಳ್ಳಿಯ ಓಣಿಯವರು ಹೇಳಿ ಕಳಿಸಿದ್ದರು. ಅಪ್ಪ ಬುಟ್ಟಿಯನ್ನು ಎತ್ತಿ ಹಿಡಿದುಕೊಂಡು ತಾವೇ ಮೂರು ಸುತ್ತು ತಿರುಗಿದರು. ಮುಚ್ಚಳ ತೆಗೆದದ್ದೇ ಚಿಂಗಿ ಬಾಲ ನೆಟ್ಟಗೆ ಮಾಡಿಕೊಂಡು ಸೀದಾ ಮನೆಯ ಮಾಲೀಕರ ಅಡಿಗೆಮನೆಗೆ ನಡೆಯಿತು. ಅಪ್ಪ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು.

ಮನೆ ಧಾರವಾಡದ ಮದಿಹಾಳದ ಕಡೆ ಇತ್ತು. ಒಂದೇ ಆವಾರದಲ್ಲಿ ಎರಡು ಮನೆ, ನಡುವೆ ಕಟ್ಟೆ, ಹಿಂದೆ ಒಂದೇ ಹಿತ್ತಲು, ಒಂದೇ ಭಾವಿ. ಮಾಲೀಕರು ತಲೆತಲಾಂತರದಿಂದ ಹತ್ತಿ ವ್ಯಾಪಾರದವರು. ಮಗ ಸೊಸೆ ಮಾಳಿಗೆಯ ಮೇಲಿದ್ದರು. ಕೆಳಗಿನ ರಾಜ್ಯವೆಲ್ಲ ಮಗನ ತಾಯಿ ನೀಲವ್ವಜ್ಜಿಯದು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಎರಡೇ ಹಲ್ಲು, ದನಿ ಮಾತ್ರ ಹಿತ್ತಲಿನಿಂದ ರಸ್ತೆಯ ತನಕ. ಅವರ ಮಡಿ ಆ ಭಾಗದಲ್ಲೆಲ್ಲ ಪ್ರಸಿದ್ಧವಾಗಿತ್ತು. ಬೆಳಿಗ್ಗೆ ಭಾವಿಯ ಬಳಿ ತಣ್ಣೀರು ಸುರಿದುಕೊಂಡು, ಎತ್ತರದ ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆಂದರೆ, ಪೂಜೆ ಮುಗಿದು, ಅಡಿಗೆಯಾಗಿ, ದೇವರಿಗೆ ಎಡೆ ಹಿಡಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಹೆತ್ತ ಮಗನೂ ಮಾಳಿಗೆಯ ಮೆಟ್ಟಿಲ ಮೇಲೆಯೇ ನಿಂತು ಮಾತಾಡುತ್ತಿದ್ದ. ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ಊಟವಾದ ಮೇಲೆ ಮಾತ್ರ ಅಜ್ಜಿಯೂ ನಮ್ಮ ನಿಮ್ಮಂತೆಯೇ ಕಟ್ಟೆಗೆ ಬಂದು, ಕಾಲು ಚಾಚಿ ಕುಳಿತು, ಊರಿನ ಸುದ್ದಿಯನ್ನೆಲ್ಲ ಬಿಡಿಸುತ್ತಿದ್ದರು.

ಚಿಂಗಿ ಮೊದಲ ದಿನವೇ ಅವರ ಒಲೆಯ ಪಕ್ಕ ಜಾಗ ಹಿಡಿಯಿತು. ಅವ್ವ ಹೌಹಾರಿ ಓಡಿದರೆ ಅಜ್ಜಿ ನಕ್ಕರು. "ಬೆಕ್ಕಿಗೆ ಮೈಲಿಗಿ ಇಲ್ಲವಾ. ಅದು ತನ್ನ ಮೈ ತಾನ ತೊಳಕೋತೈತಿ. ನಾಯಿ ಮಾತ್ರ ನನ್ನ ಹತ್ರ ತರಬ್ಯಾಡ್ರಿ" ಎಂದರು.

ನಾಯಿಯನ್ನು ನಾವು ತರಲಿಲ್ಲ, ಅದೇ ಹೋಗುತ್ತಿತ್ತು. ಇದರಲ್ಲಿ ಅಜ್ಜಿಯ ಪಾಲೂ ಇತ್ತೆಂದು ನಾನು ಈಗಲೂ ಹೇಳುತ್ತೇನೆ. ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತಾಗ ಉಳಿದ ರೊಟ್ಟಿಯ ಚೂರುಗಳನ್ನು ಅವರು ಮೋತ್ಯಾನಿಗೆ ಮೇಲಿನಿಂದ ಬೀಳಿಸುತ್ತಿದ್ದರು. ಕೈ ತಾಗಿಸುತ್ತಿರಲಿಲ್ಲ, ಆದರೆ ಒಮ್ಮೊಮ್ಮೆ ಚೂರಿಗೆ ಬೆಣ್ಣೆ ಹಚ್ಚಿರುತ್ತಿತ್ತು. ಬೆಣ್ಣೆ ಹಚ್ಚಿ ಕೊಡುವವರನ್ನು ಕಂಡಾಗ ನಾಯಿಯಾದದ್ದು ಏನು ಮಾಡಬೇಕು? ಮಧ್ಯಾಹ್ನ ಯಾವುದು, ಬೆಳಗಿನ ಮಡಿ ಯಾವುದು ಎಂದು ನೋಡಿಕೊಳ್ಳಲು ಮೋತ್ಯಾನ ಬಳಿ ಗಡಿಯಾರ ಇರಲಿಲ್ಲ. ಅಜ್ಜಿ ತುಂಬಿದ ಕೊಡ ಹೊತ್ತು ಭಾವಿಯಿಂದ ಬರುವುದನ್ನೇ ಕಾದು, ಎಲ್ಲಿದ್ದರೂ ಓಡಿಬಂದು, ಅವರ ಕಾಲಿಗೆ ಮೈ ಉಜ್ಜಿಬಿಡುತ್ತಿದ್ದ. "ಹೋತು! ಹೋತು ನನ್ನ ಮಡಿ!" ಎಂಬ ಕೂಗು ಎದ್ದಿತೆಂದರೆ ಅವ್ವ ಒಲೆಯ ಮುಂದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಟ್ಟಿಹಾಕಿ ನೋಡಿದೆವು. ಮೋತ್ಯಾ ಅಜ್ಜಿಯ ಪೂಜೆಯ ವೇಳೆಗೇ ಸರಿಯಾಗಿ ಕತ್ತು ಮೇಲೆತ್ತಿ ಊಳಿಡಲು ಶುರು ಮಾಡಿದ. ಜಪ ಎಲ್ಲಿಗೆ ಬಂದಿತ್ತೆಂಬುದು ಎರಡು ಸಲ ತಪ್ಪಿದ ಮೇಲೆ ಅಜ್ಜಿಯೇ ಒಳಗಿನಿಂದ ಕೂಗಿದರು: "ಬಿಡ್ರೆವಾ ಅದನ್ನ! ಇದರ ದನಿಗೆ ದೇವರು ಬರೂಬದ್ಲಿ ಯಮ ಬಂದಾನು!" ಬಿಟ್ಟೆವು. ಬಿಟ್ಟ ಮರುಕ್ಷಣವೇ ಮಡಿ ಹೋಯಿತು.

ಬಿಸಿಲಿನ ದಿನಗಳಾಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಆದರೆ ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು. ಗಳದ ಮೇಲಿನ ಸೀರೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ದಿನಕ್ಕೆ ಎರಡು, ಮೂರು ಸಲ ತಣ್ಣೀರು ಸುರಿದುಕೊಂಡು ಅಜ್ಜಿಗೆ ಕೆಮ್ಮು ಗಂಟು ಬಿತ್ತು. ಮಾಳಿಗೆಯ ಮೇಲಿನ ಮಗ ಮುಖ ಬಿಗಿದುಕೊಂಡು ಓಡಾಡತೊಡಗಿದ. ಕೊನೆಗೆ ಒಂದು ದಿನ ಅಜ್ಜಿ ಅಪ್ಪನನ್ನು ಕರೆಸಿದರು.

"ಮಾಸ್ತರ, ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ಲ. ಮನ್ಯಾಗ ಇರ್ರಿ, ಹಾಯಾಗಿ ಇರ್ರಿ. ಆದ್ರ ಶ್ರಾವಣ ಹತ್ತೂದರಾಗ ಆ ನಾಯಿದು ಏನರೆ ವ್ಯವಸ್ಥಾ ಮಾಡ್ರಿ. ಶ್ರಾವಣದಾಗ ನನ್ನ ನೇಮ ಕೆಡಾಂಗಿಲ್ಲ."

ಅಪ್ಪ ವಾದ ಮಾಡಲಿಲ್ಲ. ಅಜ್ಜಿಯ ಕೆಮ್ಮು ಕೇಳಿದವರು ಯಾರೂ ವಾದ ಮಾಡುವಂತಿರಲಿಲ್ಲ. ಸುಳ್ಳ ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ತಮ್ಮ ಗೆಳೆಯ ಬಸಪ್ಪ ಕಾಕಾನಿಗೆ ಕಾಗದ ಬರೆದರು. ನಾಗರ ಅಮವಾಸ್ಯೆಯ ದಿನ ಎತ್ತಿಗೆ ನೊಗ ಹಾಕುವುದಿಲ್ಲ, ಅಂದು ಬಂದು ನಾಯಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಕಾಕಾನ ಉತ್ತರ ಬಂತು. ಅಮವಾಸ್ಯೆಯ ಮರುದಿನವೇ ಶ್ರಾವಣ.

ನಾನು ಆ ದಿನ ಊಟ ಮಾಡಲಿಲ್ಲ. ಹೊಸ ಸಾಲೆಯಲ್ಲಿ ನನಗಿನ್ನೂ ಗೆಳತಿಯರಾಗಿರಲಿಲ್ಲ. ನಾನು ಮಾತಾಡಿದರೆ ಅಲ್ಲಿನ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಆದ್ದರಿಂದ ಸಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೆ. ಇಡೀ ದಿನದ ಮಾತನ್ನು ಕೂಡಿಟ್ಟುಕೊಂಡು ಬಂದು ಸಂಜೆ ಹಿತ್ತಲಲ್ಲಿ ಮೋತ್ಯಾನ ಮುಂದೆ ಹೇಳುತ್ತಿದ್ದೆ. ಅವನು ಒಂದು ಕಿವಿ ಎತ್ತಿ ಎಲ್ಲವನ್ನೂ ಕೇಳುತ್ತಿದ್ದ. ಅವನೂ ಹೋದರೆ ಆ ಊರಲ್ಲಿ ನನಗೆ ಯಾರಿದ್ದಾರೆ ಎಂದು ಯೋಚಿಸಿ ಯೋಚಿಸಿ ಅತ್ತೆ.

ಆ ವಾರದಲ್ಲೇ ಒಂದು ಬೆಳಿಗ್ಗೆ, ಒಣಗಿದ ಸೀರೆ ಒಂದೂ ಉಳಿಯದೆ, ಅಜ್ಜಿ ಕಪ್ಪು ಉಣ್ಣೆಯ ದಪ್ಪ ಬಟ್ಟೆಯೊಂದನ್ನು ಸುತ್ತಿಕೊಂಡು ಒಲೆಯ ಮುಂದೆ ಕುಳಿತದ್ದನ್ನು ಕಂಡೆ. ಅದಕ್ಕೆ ಧಾಬಳಿ ಎನ್ನುತ್ತಾರೆಂದು ಅವರೇ ಹೇಳಿದರು. ನಾನು ಬಾಗಿಲಾಚೆ ನಿಂತು ಕೇಳಿದೆ: "ಅಜ್ಜಿ, ಇದನ್ನ ನೀವು ನಿನ್ನಿ ಒಗದಿಲ್ಲಲ್ರಿ. ಮಡಿ ಹೆಂಗಾತ್ರಿ?"

"ಉಣ್ಣಿಗೆ ಮೈಲಿಗಿ ಇಲ್ಲವಾ ಸುಮ್ಮಿ. ಯಾರ ಮುಟ್ಟಿದ್ರೂ ಮಡಿನ."

"ಹಂಗಾರ ದಿನಾ ಇದನ್ನ ಉಟ್ಕೊರಿ."

"ಉಟ್ಕೋತೇನಿ. ದಿನಾ ಬಂದು ಬೆನ್ನ ತುರಸ್ತೀಯೇನು? ಮುಳ್ಳಿನಂಗ ಚುಚ್ಚತೈತಿ ಇದು."

ನನ್ನ ತಲೆಯಲ್ಲಿ ಏನೋ ಓಡತೊಡಗಿತು. ಮೆಲ್ಲಗೆ ಕೇಳಿದೆ: "ಅಜ್ಜಿ, ನಿಮ್ಮ ಮೈಮ್ಯಾಲ ಉಣ್ಣಿ ಇದ್ರ ಮೈಲಿಗಿ ಇಲ್ಲ. ಮುಟ್ಟಾವ್ರ ಮೈಮ್ಯಾಲ ಉಣ್ಣಿ ಇದ್ರ?"

ಅಜ್ಜಿ ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ, "ಎಲ್ಲೆ ಇದ್ರೂ ಉಣ್ಣಿ ಉಣ್ಣಿನ" ಎಂದುಬಿಟ್ಟರು. ನನಗೆ ಅಷ್ಟು ಸಾಕಾಗಿತ್ತು. ಆ ವಯಸ್ಸಿನಲ್ಲಿ ನಾನು ವಕೀಲಳಾಗುವ ಲಕ್ಷಣಗಳಿದ್ದವು. ಆಮೇಲೆ ಅದೇನಾಯಿತೋ ತಿಳಿಯದು.

ಈಗ ನನ್ನ ಹೆಣಿಕೆಯ ವಿದ್ಯೆಯ ಬಗ್ಗೆ ಒಂದು ಮಾತು. ಹುಬ್ಬಳ್ಳಿಯ ಸಾಲೆಯಲ್ಲಿ ವಾರಕ್ಕೊಂದು ತಾಸು ಹೆಣಿಕೆ ಕಲಿಸುತ್ತಿದ್ದರು. ನಾನು ಸೀದಾ ಹೆಣೆಯುವುದನ್ನು ಕಲಿತಿದ್ದೆ. ಕುಣಿಕೆಗಳನ್ನು ಏರಿಸಿ ಇಳಿಸಿ, ಕತ್ತು ಕಂಕುಳುಗಳ ಆಕಾರ ತೆಗೆಯುವ ಪಾಠ ಬರುವ ಮೊದಲೇ ಅಪ್ಪನಿಗೆ ವರ್ಗವಾಯಿತು. ಹಾಗಾಗಿ ನನ್ನ ಕೈಯಿಂದ ಏನೇ ಬಂದರೂ ಅದು ಪಟ್ಟಿಯಾಗಿಯೇ ಬರುತ್ತಿತ್ತು. ಕಾಲೊರಸು ಬೇಕಾದವರಿಗೆ ತೊಂದರೆಯಿಲ್ಲ, ಅಂಗಿ ಬೇಕಾದವರಿಗೆ ಮಾತ್ರ ಕಷ್ಟ.

ಅವ್ವನ ಬಳಿ ಉಣ್ಣೆ ಕೇಳಿದೆ. ಗೆಳತಿಯ ಮನೆಯ ಕೂಸಿಗೆ ಅಂಗಿ ಎಂದು ಸುಳ್ಳು ಹೇಳಿದೆ. ನನಗೆ ಗೆಳತಿಯಾದಳೆಂಬ ಸಂತೋಷಕ್ಕೋ, ಮಗಳು ತನ್ನ ವಿದ್ಯೆ ಹಿಡಿದಳೆಂಬ ಹೆಮ್ಮೆಗೋ, ಅವ್ವ ಅಪ್ಪನ ಇನ್ನೊಂದು ತೋಳಿಗೆಂದು ತೆಗೆದಿಟ್ಟಿದ್ದ ಗಿಳಿಹಸಿರು ಉಣ್ಣೆಯನ್ನೇ ಕೊಟ್ಟುಬಿಟ್ಟಳು. ನಾನು ಹಿತ್ತಲಲ್ಲಿ ಹುರಿಯಿಂದ ಮೋತ್ಯಾನ ಅಳತೆ ತೆಗೆದು ಗಂಟು ಹಾಕಿಕೊಂಡು ಬಂದೆ. ಅವ್ವ ಆ ಹುರಿಯನ್ನು ಹಿಡಿದು ನೋಡಿ ಗಾಬರಿಯಾದಳು.

"ಎಂಥಾ ಕೂಸ ಅದು? ಎದಿ ಇಷ್ಟು ಅಗಲ, ಕಾಲು ಇಷ್ಟು ಗಿಡ್ಡ?"

"ಧಾರವಾಡದ ಕೂಸಬೇ" ಎಂದೆ. ಧಾರವಾಡದಲ್ಲಿ ಏನಿದ್ದರೂ ಇದ್ದೀತೆಂದು ಅವ್ವ ಸುಮ್ಮನಾದಳು.

ಮಧ್ಯಾಹ್ನ ಸಾಲೆಯಿಂದ ಬಂದವಳೇ ಕಟ್ಟೆಯ ಮೇಲೆ ಕುಳಿತು ಹೆಣೆಯುತ್ತಿದ್ದೆ. ಒಂದು ಬದಿ ಅವ್ವ ತನ್ನ ಮುಗಿಯದ ಕುಲಾವಿಯೊಂದಿಗೆ, ಇನ್ನೊಂದು ಬದಿ ಅಜ್ಜಿ ಕೆಮ್ಮಿನೊಂದಿಗೆ. ನಾನು ಕುಣಿಕೆ ಬಿಟ್ಟಾಗಲೆಲ್ಲ ಅಜ್ಜಿಯೇ ಮೊದಲು ಗುರುತಿಸುತ್ತಿದ್ದರು. "ಏ ಸುಮ್ಮಿ, ಅಲ್ಲೆ ತೂತು ಬಿತ್ತು ನೋಡು. ಬಿಚ್ಚು." ಬಿಚ್ಚುತ್ತಿದ್ದೆ. ನನ್ನ ನಾಯಿಯ ಅಂಗಿಗೆ ಅಜ್ಜಿಯೇ ಮೇಲ್ವಿಚಾರಕಿಯಾದರಲ್ಲ ಎಂದು ಒಳಗೊಳಗೇ ನಗು. ನಡುನಡುವೆ ಅಮವಾಸ್ಯೆಗೆ ಎಷ್ಟು ದಿನ ಉಳಿದಿವೆಯೆಂದು ಎಣಿಸಿದಾಗ ಆ ನಗು ನಿಂತುಹೋಗುತ್ತಿತ್ತು.

ಪಟ್ಟಿಗಳು ಮುಗಿದದ್ದು ಅಮವಾಸ್ಯೆಯ ದಿನ ಬೆಳಿಗ್ಗೆ. ಬಸಪ್ಪ ಕಾಕಾ ಮೊದಲ ಬಸ್ಸಿಗೇ ಬಂದು, ಮುಚ್ಚಳವಿದ್ದ ದೊಡ್ಡ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು, ಕಟ್ಟೆಯ ಮೇಲೆ ಅಪ್ಪನ ಜೊತೆ ಚಹಾ ಕುಡಿಯುತ್ತಿದ್ದ. ನಾನು ಹಿತ್ತಲಲ್ಲಿ ಮೋತ್ಯಾನನ್ನು ಕಾಲ ನಡುವೆ ಹಿಡಿದುಕೊಂಡು, ಬೆನ್ನಿಗೊಂದು ಪಟ್ಟಿ, ಹೊಟ್ಟೆಗೊಂದು ಪಟ್ಟಿ ಇಟ್ಟು ಅವನ ಮೈಮೇಲೆಯೇ ಹೊಲಿಯತೊಡಗಿದೆ. ಗುಂಡಿ ಹಚ್ಚುವುದು ನನಗೆ ಗೊತ್ತಿರಲಿಲ್ಲ. ಉಣ್ಣೆಯ ಎಳೆ ಸೂಜಿಯ ಕಣ್ಣಿನೊಳಗೆ ಹೋಗಲೊಲ್ಲದು. ಅವ್ವನ ಡಬ್ಬಿಯಿಂದ ದಾರದ ಉಂಡೆ ತಂದು ಲಗೂಲಗೂ ಎರಡೂ ಬದಿ ಹೊಲಿದು, ಕಾಲಿಗೆ ಸಂದು ಬಿಟ್ಟು ಮುಗಿಸಿದೆ. ಮೋತ್ಯಾ ಮದುಮಗನ ಹಾಗೆ ಬಿಗಿದುಕೊಂಡು ನಿಂತ.

ಅಷ್ಟರಲ್ಲಿ ಅಜ್ಜಿ ಸ್ನಾನ ಮುಗಿಸಿ, ಮಡಿ ಸೀರೆ ಉಟ್ಟು, ಕೊಡ ಹೊತ್ತು ಭಾವಿಯಿಂದ ಕಟ್ಟೆಯ ಪಕ್ಕ ಹಾಯ್ದು ಹೊರಟಿದ್ದರು. ನಾನು ಕೈ ಬಿಟ್ಟೆ. ಮೋತ್ಯಾ ಎಂದಿನಂತೆ ಓಡಿಹೋಗಿ ತನ್ನ ಗಿಳಿಹಸಿರು ಬದಿಯನ್ನು ಅವರ ಕಾಲಿಗೆ ಉಜ್ಜಿದ.

"ಹೋತು! ಹೋ—"

"ಉಣ್ಣಿರಿ ಅಜ್ಜಿ!" ಎಂದು ಹಿಂದಿನಿಂದ ಕಿರುಚುತ್ತ ಬಂದೆ. "ಮುಟ್ಟಿದ್ದು ಉಣ್ಣಿರಿ! ಮೋತ್ಯಾ ಅಲ್ರಿ! ಎಲ್ಲೆ ಇದ್ರೂ ಉಣ್ಣಿ ಉಣ್ಣಿನ ಅಂತ ನೀವ ಹೇಳೀರಿ!"

ಎಲ್ಲರೂ ಮೋತ್ಯಾನನ್ನು ನೋಡಿದರು. ಕೂಗು ಕೇಳಿ ಹೊರಬಂದ ಅವ್ವ ಮೊದಲು ಗುರುತಿಸಿದ್ದು ಉಣ್ಣೆಯನ್ನು. "ಅಯ್ಯ, ಇದು ಇವರ ತೋಳಲ್ಲೇನ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಂತೂ ಮುಗೀತಲ್ಲ" ಎಂದರು ಅಪ್ಪ. ಅಜ್ಜಿ ಮಾತ್ರ ನಗಲಿಲ್ಲ. ಕೊಡ ಹೊತ್ತುಕೊಂಡೇ ನಿಂತು, ಕಣ್ಣು ಕಿರಿದು ಮಾಡಿ ವಿಚಾರಣೆಗೆ ತೊಡಗಿದರು.

"ಮೂತಿ?"

"ಮೂತಿ ತಾಗಿಲ್ರಿ. ಆ ಕಡೆ ಇತ್ತು."

"ಬಾಲ?"

"ಬಾಲ ಹಿಂದ ಇತ್ರಿ."

ಅಜ್ಜಿ ತಲೆಯಾಡಿಸಿದರು. ಸೊಂಟದ ಮೇಲಿನ ಕೊಡ ಹಿಡಿದುಕೊಂಡೇ ಬಗ್ಗಿ, ಅಂಗಿಯ ಬದಿಯಲ್ಲಿ ಜೋತುಬಿದ್ದಿದ್ದ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹ್ಯಾಗೆ ಹೊಸೆದರೆಂದರೆ, ಆ ಮನೆತನದ ಮೂರು ತಲೆಮಾರಿನ ವ್ಯಾಪಾರವೆಲ್ಲ ಆ ಬೆರಳುಗಳಲ್ಲಿತ್ತು.

"ಇದು ಹತ್ತಿ" ಎಂದರು. "ಹತ್ತಿಗೆ ಮೈಲಿಗಿ ಐತಿ ಸುಮ್ಮಿ. ನನ್ನ ಕಾಲಿಗೆ ತಾಗಿದ್ದು ಈ ಹೊಲಗೀನ."

ಹತ್ತಿಯ ಮೇಲೆ ಕಟ್ಟಿದ ಆ ಮನೆಯಲ್ಲಿ ಹತ್ತಿಯೇ ನನಗೆ ಮುಳುವಾಯಿತು. ಬಸಪ್ಪ ಕಾಕಾ ಬಟ್ಟಲು ಕೆಳಗಿಟ್ಟು ಎದ್ದ. "ಬರ್ತೇನಿ ಮಾಸ್ತರ, ಬಸ್ಸಿನ ಹೊತ್ತಾತು" ಎಂದು ಬುಟ್ಟಿಯ ಮುಚ್ಚಳ ತೆಗೆದ. ಮೋತ್ಯಾನಿಗೆ ಹೊಸ ವಸ್ತು ಏನಿದ್ದರೂ ಸಂಭ್ರಮವೇ. ಬಾಲ ಅಲ್ಲಾಡಿಸುತ್ತ ತಾನೇ ಹೋಗಿ ಬುಟ್ಟಿಯೊಳಗೆ ಮುಖ ಇಟ್ಟು ಮೂಸಿದ. ಅದನ್ನು ನೋಡಿ ನಾನು ಕಟ್ಟೆಯ ಕಂಬ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

"ಬಸಪ್ಪ, ತಡಿ" ಎಂದರು ಅಜ್ಜಿ. ಕೊಡವನ್ನು ಕಟ್ಟೆಯ ಮೇಲಿಟ್ಟರು. "ನಾಯಿದೇನ ತಪ್ಪು ಇದರಾಗ? ತಪ್ಪು ದಾರದ್ದು. ಸುಮ್ಮಿ, ಅಳೂದು ಬಿಡು. ಒಳಗ ಚೀಲ ಹೊಲಿಯೂ ದಬ್ಬಣ ಐತಿ, ತಾ. ಉಳದ ಉಣ್ಣಿ ತಾ."

ನಾನು ಬಿದ್ದು ಎದ್ದು ಓಡಿ ತಂದೆ. ಅಜ್ಜಿ ಕಟ್ಟೆಯ ಮೇಲೆ ಕುಳಿತು, ಮೋತ್ಯಾನ ಮುಂಗಾಲು ಹಿಡಿದೆಳೆದು ತೊಡೆಯ ಮೇಲೆ ಅಡ್ಡ ಹಾಕಿಕೊಂಡರು. ಹತ್ತಿಯ ದಾರವನ್ನು ಪಟಪಟ ಕಿತ್ತು ಎಸೆದರು. ಅಂಗಿ ಎರಡು ಹೋಳಾಗಿ ಬಿಚ್ಚಿಕೊಂಡಿತು. ಅವನ ಬರಿ ಹೊಟ್ಟೆಯನ್ನು ಎಡಗೈಯಿಂದ ಒತ್ತಿ ಹಿಡಿದು, ದಬ್ಬಣದಲ್ಲಿ ಉಣ್ಣೆ ಪೋಣಿಸಿ ಹೊಲಿಯತೊಡಗಿದರು. ಅವನ ಕೆಸರುಗಾಲು ನಾಲ್ಕೂ ಮಡಿ ಸೀರೆಯ ಮೇಲೆ. ಅವನು ಸಂತೋಷ ತಡೆಯಲಾರದೆ ಅಜ್ಜಿಯ ಮುಂಗೈಯನ್ನು ನೆಕ್ಕತೊಡಗಿದ.

"ಅಜ್ಜಿ, ನಿಮ್ಮ ಮಡಿ…" ಎಂದು ಅವ್ವ ಬಾಯಿ ತೆರೆದಳು. ಅಪ್ಪ ಅವಳ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದರು. ಧಾರವಾಡಕ್ಕೆ ಬಂದ ಮೇಲೆ ಅವ್ವ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

"ಸುಮ್ಮಕ ಮಕ್ಕೋ ಮೂಳಾ" ಎಂದು ಮೋತ್ಯಾನನ್ನು ಗದರುತ್ತ, "ಏನ ಹೆಣಿಕಿ ಇದು, ಜರಡಿ ಆಗೇತಿ" ಎಂದು ನನ್ನನ್ನು ಬೈಯುತ್ತ, ಅಜ್ಜಿ ಎರಡೂ ಬದಿ ಗಟ್ಟಿಯಾಗಿ ಹೊಲಿದರು. ಕೊನೆಗೆ ಗಂಟು ಹಾಕಿ, ಉಳಿದ ಎಳೆಯನ್ನು ತಮ್ಮ ಎರಡು ಹಲ್ಲುಗಳಿಂದಲೇ ಕಡಿದರು. ಮೋತ್ಯಾನ ಬೆನ್ನಿಗೊಂದು ಪೆಟ್ಟು ಕೊಟ್ಟು ಕೆಳಗಿಳಿಸಿದರು. ಬಸಪ್ಪ ಕಾಕಾ ಬುಟ್ಟಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

ಅಜ್ಜಿ ಎದ್ದು, ಸೀರೆ ಕೊಡವಿಕೊಂಡು, ಅದೇ ಕೈಯಿಂದ ಅದೇ ಕೊಡವನ್ನು ಎತ್ತಿಕೊಂಡರು. ಭಾವಿಯ ಕಡೆ ಹೋಗುತ್ತಾರೆಂದು ನಾವೆಲ್ಲ ದಾರಿ ಬಿಟ್ಟು ನಿಂತೆವು. ಅವರು ಸೀದಾ ಅಡಿಗೆಮನೆಗೆ ನಡೆದರು. ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದರೆ ನಾವು ನಾಲ್ವರೂ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿದ್ದೆವು.

"ಏನ ನೋಡಾಕತ್ತೀರಿ?" ಎಂದು ಗದರಿದರು. "ಹೊಲಿಯೂಮುಂದ ಮುಟ್ಟಿದ್ದು ಮೈಲಿಗಿ ಅಲ್ಲ."

ಒಳಗೆ ಹೋಗಿ ಒಲೆ ಹೊತ್ತಿಸಿದರು.